ಬಾಳಸಂಗಾತಿಯಲ್ಲಿ ಮೂರೇ ಗುಣ ಕೇಳಬಹುದಾದರೆ ಯಾವುದನ್ನು ಕೇಳುತ್ತೀರಿ?

ಠಾಣೆ ಪೂರ್ವ

ಎಲ್ಲರಿಗೂ ನಮಸ್ಕಾರ. ನಾನು ಠಾಣೆಯಲ್ಲಿ ತಂದೆತಾಯಿಯರೊಂದಿಗೆ ಇದ್ದೇನೆ. ಬ್ಯಾಂಕಿನಲ್ಲಿ ಕೆಲಸ, ವಯಸ್ಸು ಮೂವತ್ತರ ಹತ್ತಿರ. ಮನೆಯಲ್ಲಿ ಮದುವೆಯ ಮಾತು ಎದ್ದಂದಿನಿಂದ ಅಮ್ಮನದೊಂದು ಪಟ್ಟಿ, ನನ್ನದೊಂದು ಪಟ್ಟಿ. ಜಾತಿ, ಜಾತಕ, ಮುಂಬೈಯಲ್ಲಿ ಸ್ವಂತ ಮನೆ, ನನಗಿಂತ ಹೆಚ್ಚಿನ ಸಂಬಳ, ಕುಡಿತವಿಲ್ಲದಿರುವುದು, ಮದುವೆಗೆ ಉಳಿದ ನಾದಿನಿಯರು ಇಲ್ಲದಿರುವುದು ಅಮ್ಮನವು. ನಗಿಸುವ ಸ್ವಭಾವ, ನನ್ನ ಕೆಲಸದ ಬಗ್ಗೆ ಗೌರವ, ಅಡುಗೆಮನೆಗೆ ಕಾಲಿಡುವ ಅಭ್ಯಾಸ, ಕನ್ನಡ, ಸ್ವಂತ ಅಭಿಪ್ರಾಯ, ಸ್ವಲ್ಪ ಓದು ನನ್ನವು. ಎರಡು ಪಟ್ಟಿಗಳನ್ನೂ ಸೇರಿಸಿದರೆ ಚರ್ಚ್‌ಗೇಟಿನಿಂದ ವಿರಾರ್‌ವರೆಗೆ ಹುಡುಕಿದರೂ ಅಂಥವನು ಸಿಗಲಾರನೆಂದು ಅಪ್ಪ ನಗುತ್ತಾರೆ. ಅವರೇ ಈಗ ಒಂದು ಷರತ್ತು ಹಾಕಿದ್ದಾರೆ: ತಾಯಿ ಮಗಳು ಕೂತು ಮೂರೇ ಗುಣಗಳಿಗೆ ಒಪ್ಪಿಕೊಳ್ಳಬೇಕು, ಆ ಮೂರು ಇದ್ದವನಿಗೆ ಉಳಿದುದರಲ್ಲಿ ರಿಯಾಯಿತಿ ಕೊಡಬೇಕು.

ನನ್ನ ಪ್ರಶ್ನೆ ಎರಡು. ನಿಮಗೆ ಮೂರೇ ಗುಣಗಳ ಅವಕಾಶವಿದ್ದರೆ ಯಾವುದನ್ನು ಉಳಿಸಿಕೊಳ್ಳುತ್ತೀರಿ? ಆ ಗುಣ ಒಬ್ಬನಲ್ಲಿ ಇದೆಯೋ ಇಲ್ಲವೋ ಎಂಬುದು ನಾಲ್ಕಾರು ಭೇಟಿಗಳಲ್ಲಿ ತಿಳಿಯುವುದಾದರೂ ಹೇಗೆ? ಮದುವೆಯಾದವರು, ಆಗದವರು, ಆಗಿ ಹೊರಬಂದವರು ಎಲ್ಲರೂ ಹೇಳಬಹುದು. ಎಲ್ಲವೂ ಹಣೆಬರಹ ಎಂಬ ಉತ್ತರವನ್ನು ಮಾತ್ರ ದಯವಿಟ್ಟು ಬರೆಯಬೇಡಿ. ಅದು ಮನೆಯಲ್ಲಿಯೇ ಧಾರಾಳವಾಗಿ ದೊರೆಯುತ್ತಿದೆ.

ಡೊಂಬಿವಲಿ ಫಾಸ್ಟ್

ಸಿಟ್ಟು ಬಂದಾಗ ಹೇಗಿರುತ್ತಾನೆ ಎಂಬುದೊಂದನ್ನು ನೀವು ಇಟ್ಟುಕೊಳ್ಳಿ. ಉಳಿದ ಎರಡನ್ನು ಅಮ್ಮನಿಗೆ ಬಿಟ್ಟುಕೊಡಿ.

ಪರೇಲ್ ಅಜ್ಜಿ

ಮಗಳೇ, ನಾನು ಮದುವೆಯಾಗಿ ಉಡುಪಿಯ ಕಡೆಯಿಂದ ಬಂದು ಇಳಿದದ್ದು ಪರೇಲಿನ ಚಾಳಿನ ಒಂದೇ ಕೋಣೆಗೆ. ಅದರಲ್ಲಿ ಅತ್ತೆ, ಮಾವ, ಮೈದುನ, ನಾವಿಬ್ಬರು. ಯಜಮಾನರದು ಬಟ್ಟೆ ಗಿರಣಿಯ ಕೆಲಸ. ಗಿರಣಿಯ ಕೆಲಸವೆಂದರೆ ಆಗ ಸರಕಾರಿ ಕೆಲಸದಷ್ಟೇ ಭದ್ರವೆಂದು ನಮ್ಮ ಊರಿನಲ್ಲಿ ಹೇಳುತ್ತಿದ್ದರು, ನನ್ನ ತಂದೆ ಒಪ್ಪಿದ್ದೂ ಅದನ್ನು ನಂಬಿಯೇ. 1982ರ ಜನವರಿಯಲ್ಲಿ ಮುಷ್ಕರ ಆರಂಭವಾಯಿತು, ಸಂಬಳ ನಿಂತಿತು, ಅದು ಮತ್ತೆ ಮೊದಲಿನಂತೆ ಬರಲೇ ಇಲ್ಲ. ನಾನು ಹಪ್ಪಳ, ಸಂಡಿಗೆ, ಉಪ್ಪಿನಕಾಯಿ ಮಾಡಿ ಮಾರಲು ಹೊರಟೆ. ಅದೇ ಮಹಡಿಯಲ್ಲಿ ಹೆಂಡತಿ ದುಡಿಯುವುದು ಅವಮಾನವೆಂದು ಕುಡಿದು ಹೊಡೆದವರೂ ಇದ್ದರು. ನಮ್ಮವರು ಡಬ್ಬಗಳನ್ನು ಎರಡೂ ಕೈಯಲ್ಲಿ ಹಿಡಿದು ಮಾಟುಂಗಾ, ಮಾಹೀಮ್‌ನ ಮನೆಮನೆಗೆ ಮುಟ್ಟಿಸಿ ಬಂದರು. ಯಾರಾದರೂ ಕೇಳಿದರೆ ಇದು ನನ್ನ ಹೆಂಡತಿಯ ವ್ಯಾಪಾರ ಎಂದೇ ಹೇಳುತ್ತಿದ್ದರು.

ಇಂಥ ಗುಣವನ್ನು ಮದುವೆಗೆ ಮುಂಚೆ ಯಾರೂ ಕೇಳಿರಲಿಲ್ಲ. ಕೇಳಿದ್ದರೂ ಅವರಿಗೇ ಉತ್ತರ ತಿಳಿದಿರುತ್ತಿರಲಿಲ್ಲ. ಹಾಗಾಗಿ ನಿನ್ನ ಎರಡನೆಯ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. ಮೊದಲನೆಯದಕ್ಕೆ ಇದೆ: ತನ್ನ ಕೈ ಕೆಳಗಾದಾಗ ಹೆಂಡತಿಯ ಕೈ ಮೇಲಾಗುವುದನ್ನು ಸಹಿಸುವವನಾಗಿರಬೇಕು.

ಹಿಂಜೆವಾಡಿ ರಾತ್ರಿಪಾಳಿ

ಅಜ್ಜಿಯವರಿಗೆ ನಮಸ್ಕಾರ. ಆದರೆ ಅಂಥ ಯಜಮಾನರ ವಿವರ ಇಂದು ಯಾವುದಾದರೂ ವಧೂವರರ ಆ್ಯಪಿನಲ್ಲಿ ಬಂದರೆ ಸಂಬಳದ ಸಾಲಿನಲ್ಲಿಯೇ ತಿರಸ್ಕೃತವಾಗುತ್ತದೆ. ನಾನು ಧಾರವಾಡ ಜಿಲ್ಲೆಯವನು, ಪುಣೆಯಲ್ಲಿ ಸಾಫ್ಟ್‌ವೇರ್ ಕೆಲಸ. ಹೆಣ್ಣಿನ ಕಡೆಯವರು ಫೋನ್ ಮಾಡಿದರೆ ಕೇಳುವ ಮೊದಲ ಪ್ರಶ್ನೆ ಪ್ಯಾಕೇಜ್ ಎಷ್ಟು ಎಂಬುದು, ಎರಡನೆಯದು ಫ್ಲ್ಯಾಟ್ ಯಾರ ಹೆಸರಿನಲ್ಲಿದೆ ಎಂಬುದು. ನನ್ನ ಸ್ವಭಾವ ಹೇಗೆಂದು ಈವರೆಗೆ ಯಾರೂ ಕೇಳಿಲ್ಲ. ಊರಿನಲ್ಲಿ ಒಕ್ಕಲುತನ ಮಾಡಿಕೊಂಡಿರುವ ನನ್ನ ಚಿಕ್ಕಪ್ಪನ ಮಗನಿಗಂತೂ ಹೆಣ್ಣು ತೋರಿಸುವವರೇ ಇಲ್ಲ. 2022ರ ಡಿಸೆಂಬರಿನಲ್ಲಿ ಸೊಲ್ಲಾಪುರದಲ್ಲಿ ಅವಿವಾಹಿತ ಯುವಕರು ಮದುಮಗನ ವೇಷದಲ್ಲಿ ಕುದುರೆಯೇರಿ ಜಿಲ್ಲಾಧಿಕಾರಿಗಳ ಕಚೇರಿಗೆ ಮೆರವಣಿಗೆ ಹೋದರು. 2023ರ ಫೆಬ್ರವರಿಯಲ್ಲಿ ಮಂಡ್ಯದ ಕಡೆಯ ಯುವಕರು ಕನ್ಯೆ ಸಿಗಲೆಂದು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಮಾಡಿದರು. ಪತ್ರಿಕೆಗಳು ತಮಾಷೆಯಾಗಿ ಬರೆದವು, ಆದರೆ ನಡೆದವರಿಗೆ ಅದು ತಮಾಷೆಯಾಗಿರಲಿಲ್ಲ. ಗುಣ, ಗುಣ ಎಂದು ಎಲ್ಲರೂ ಬರೆಯುತ್ತಾರೆ, ಆಯ್ಕೆಯ ಹೊತ್ತಿಗೆ ನೋಡುವುದು ಉದ್ಯೋಗ ಮತ್ತು ಊರನ್ನು.

ವಾಶಿ ವನಿತೆ

ಸೊಲ್ಲಾಪುರದ ಆ ಮೆರವಣಿಗೆಯಲ್ಲಿ ಯುವಕರು ಕೇಳಿದ ಮುಖ್ಯ ಬೇಡಿಕೆಯನ್ನು ನೀವು ಬಿಟ್ಟಿದ್ದೀರಿ. ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸುವ 1994ರ ಕಾಯ್ದೆಯನ್ನು ಬಿಗಿಯಾಗಿ ಜಾರಿಗೊಳಿಸಿ ಎಂದೇ ಅವರು ಕೇಳಿದ್ದು. 2011ರ ಜನಗಣತಿಯಲ್ಲಿ ಮಹಾರಾಷ್ಟ್ರದ ಆರು ವರ್ಷದೊಳಗಿನ ಮಕ್ಕಳಲ್ಲಿ ಸಾವಿರ ಗಂಡುಮಕ್ಕಳಿಗೆ 894 ಹೆಣ್ಣುಮಕ್ಕಳಿದ್ದರು. ಹುಟ್ಟಗೊಡದೆ ಹೋದ ಮೇಲೆ ಉಳಿದವರು ಬಹಳ ಆರಿಸುತ್ತಾರೆಂದು ದೂರುವುದು ಯಾವ ನ್ಯಾಯ?

ಸಂಬಳ ಕೇಳುವುದು ದುರಾಸೆಯೆಂದೂ ನಾನು ಭಾವಿಸುವುದಿಲ್ಲ. ಮದುವೆಯಾದ ಮೇಲೆ ಊರು ಬಿಡುವವಳು ಹೆಣ್ಣು, ಮಗುವಾದ ಮೇಲೆ ಕೆಲಸ ಬಿಡುವವಳೂ ಬಹುಪಾಲು ಅವಳೇ. ಯಾರ ಆದಾಯದ ಮೇಲೆ ತಾನು ನಿಲ್ಲಬೇಕಾಗಬಹುದೋ ಅದನ್ನು ಅವಳು ಮೊದಲೇ ವಿಚಾರಿಸುತ್ತಾಳೆ.

ಹಿಂಜೆವಾಡಿ ರಾತ್ರಿಪಾಳಿ

ಆ ಲೆಕ್ಕವನ್ನು ಅಲ್ಲಗಳೆಯುವುದಿಲ್ಲ. ಹಾಗಾದರೆ ಪಟ್ಟಿಯಲ್ಲಿ ಸಂಬಳವನ್ನು ಬಹಿರಂಗವಾಗಿಯೇ ಬರೆಯಿರಿ, ಒಳ್ಳೆಯ ಮನಸ್ಸು ಎಂಬುದರ ಹಿಂದೆ ಅಡಗಿಸಬೇಡಿ ಎಂಬುದಷ್ಟೇ ನನ್ನ ಮಾತು.

ಮುಲುಂಡ್ ಮೇಷ್ಟ್ರು

ಅಮ್ಮನವರ ಜಾತಕದ ವಿಷಯವನ್ನು ಯಾರೂ ಮುಟ್ಟಿಲ್ಲವಾದ್ದರಿಂದ ನಾನು ಮುಟ್ಟುತ್ತೇನೆ. ಜಾತಕ ಹೊಂದಿಸುವ ಅಷ್ಟಕೂಟ ಪದ್ಧತಿಯಲ್ಲಿ ವರ್ಣಕ್ಕೆ 1, ವಶ್ಯಕ್ಕೆ 2, ತಾರಾಕೂಟಕ್ಕೆ 3, ಯೋನಿಗೆ 4, ಗ್ರಹಮೈತ್ರಿಗೆ 5, ಗಣಕ್ಕೆ 6, ರಾಶಿಕೂಟಕ್ಕೆ 7, ನಾಡಿಗೆ 8, ಹೀಗೆ ಒಟ್ಟು 36 ಗುಣ. 18 ಬಂದರೆ ಸಾಮಾನ್ಯವಾಗಿ ಮುಂದುವರಿಯುತ್ತಾರೆ. ಇದೆಲ್ಲವನ್ನೂ ನಿರ್ಧರಿಸುವುದು ಇಬ್ಬರೂ ಹುಟ್ಟಿದಾಗ ಚಂದ್ರನಿದ್ದ ರಾಶಿ ಮತ್ತು ನಕ್ಷತ್ರ. ಆದ್ದರಿಂದ ಒಂದೇ ದಿನ, ಕೆಲವೇ ಗಂಟೆಗಳ ಅಂತರದಲ್ಲಿ ಹುಟ್ಟಿದ ಇಬ್ಬರು ಹುಡುಗರಿಗೆ ನಿಮ್ಮೊಂದಿಗೆ ಸಾಮಾನ್ಯವಾಗಿ ಒಂದೇ ಅಂಕ ಬರುತ್ತದೆ. ಅವರಲ್ಲೊಬ್ಬ ಸಾಲಗಾರ, ಇನ್ನೊಬ್ಬ ಸಜ್ಜನ ಇರಬಹುದು. ಅಂಕ ಅದನ್ನು ಹೇಳುವುದಿಲ್ಲ.

ಕಾಂದಿವಲಿ ಪಂಚಾಂಗ

ಮೇಷ್ಟ್ರೇ, ಅಷ್ಟಕೂಟವೊಂದನ್ನೇ ನೋಡಿ ಯಾವ ಅನುಭವಿ ಜೋಯಿಸರೂ ತೀರ್ಪು ಕೊಡುವುದಿಲ್ಲ. ನಮ್ಮ ಕಡೆ ದಶಕೂಟ ನೋಡುವವರಿದ್ದಾರೆ, ಕುಜದೋಷ ಬೇರೆ, ದಶಾಸಂಧಿ ಬೇರೆ. ನಂಬದವರನ್ನು ನಂಬಿಸಲು ನಾನಿಲ್ಲಿ ಬಂದಿಲ್ಲ. ಆದರೆ ಜಾತಕಕ್ಕೆ ನಮ್ಮ ಸಮಾಜದಲ್ಲಿ ಇನ್ನೊಂದು ಉಪಯೋಗವಿದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹುಡುಗ ಹಿಡಿಸದಿದ್ದರೆ, ಮನೆತನ ಹಿಡಿಸದಿದ್ದರೆ, ಮುಖಕ್ಕೆ ಹೊಡೆದಂತೆ ಬೇಡವೆನ್ನಲಾಗದು. ಜಾತಕ ಕೂಡಿಬರಲಿಲ್ಲವೆಂದರೆ ಎರಡೂ ಮನೆಯವರ ಮರ್ಯಾದೆ ಉಳಿಯುತ್ತದೆ, ಮುಂದೆ ಸಂಘದ ಕಾರ್ಯಕ್ರಮದಲ್ಲಿ ಎದುರಾದರೆ ಮಾತನಾಡಬಹುದು. ನನ್ನ ತಂದೆ ಪೌರೋಹಿತ್ಯ ಮಾಡುತ್ತಿದ್ದರು. ಹೀಗೆ ಹೇಳಿಬಿಡಿ ಎಂದು ಗುಟ್ಟಾಗಿ ಕೇಳಿಕೊಂಡು ಬಂದ ತಂದೆತಾಯಿಯರನ್ನು ನಾನೇ ನೋಡಿದ್ದೇನೆ.

ಹೊರಬಂದವಳು, ನವಿ ಮುಂಬೈ

ಆಗಿ ಹೊರಬಂದವರೂ ಬರೆಯಬಹುದೆಂದು ಕೇಳಿದ್ದೀರಿ, ಆದ್ದರಿಂದ ಬರೆಯುತ್ತೇನೆ. ಮೊದಲ ಉತ್ತರ ಕೊಟ್ಟವರು ಸಿಟ್ಟು ಬಂದಾಗ ಹೇಗಿರುತ್ತಾನೆಂದು ನೋಡಲು ಹೇಳಿದ್ದಾರೆ. ನನ್ನ ಗಂಡನಾಗಿದ್ದವರು ಒಮ್ಮೆಯೂ ಧ್ವನಿ ಎತ್ತಿದವರಲ್ಲ. ಕುಡಿತವಿಲ್ಲ, ಸಿಗರೇಟಿಲ್ಲ, ಒಂದೇ ಜಾತಿ, ಘಾಟ್‌ಕೋಪರಿನಲ್ಲಿ ಸ್ವಂತ ಮನೆ, ಜಾತಕವೂ ಚೆನ್ನಾಗಿ ಕೂಡಿತ್ತು. ಠಾಣೆಯ ಅಮ್ಮನವರು ಪಟ್ಟಿ ಹಿಡಿದು ಬಂದಿದ್ದರೆ ಎಲ್ಲದಕ್ಕೂ ಗುರುತು ಹಾಕಿಕೊಂಡು ಹೋಗುತ್ತಿದ್ದರು. ಆದರೆ ನಾನು ಯಾವುದಾದರೂ ವಿಷಯಕ್ಕೆ ಬೇಡವೆಂದರೆ, ಉದಾಹರಣೆಗೆ ಈ ಬಾರಿ ದೀಪಾವಳಿಗೆ ನನ್ನ ತವರಿಗೆ ಹೋಗೋಣ ಎಂದರೆ, ಅವರು ಮಾತು ನಿಲ್ಲಿಸುತ್ತಿದ್ದರು. ಒಂದು ಹೊತ್ತಿನ ಮುನಿಸಲ್ಲ, ವಾರಗಟ್ಟಲೆ. ಊಟ ಬಡಿಸಿದರೆ ಉಣ್ಣುತ್ತಿದ್ದರು, ಕೇಳಿದರೆ ಗೋಡೆ ನೋಡುತ್ತಿದ್ದರು. ಕೊನೆಗೆ ನಾನೇ ಕ್ಷಮೆ ಕೇಳುವವರೆಗೆ ಅದು ಮುಗಿಯುತ್ತಿರಲಿಲ್ಲ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆಯನ್ನು ಅತ್ತೆ ಆಗಾಗ ಹೇಳುತ್ತಿದ್ದರು. ನಮ್ಮ ಮನೆಯಲ್ಲಿ ಉಂಡರೂ, ಮಲಗಿದರೂ, ಬೆಳಗಾದರೂ ಅದು ಮುಗಿಯುತ್ತಿರಲಿಲ್ಲ.

ಆದ್ದರಿಂದ ನನ್ನ ಮೊದಲ ಗುಣ ಶಾಂತ ಸ್ವಭಾವವಲ್ಲ. ಜಗಳವಾದ ಮೇಲೆ ಮತ್ತೆ ಮಾತಿಗೆ ಬರುವ ಗುಣ. ಕೂಗಾಡಿ ಸಂಜೆಗೆ ಕ್ಷಮೆ ಕೇಳುವವನನ್ನಾದರೂ ಸಹಿಸಬಹುದೇನೋ.

ಪರೇಲ್ ಅಜ್ಜಿ

ಕೂಗಾಡುವವನನ್ನೂ ಸಹಿಸಬೇಡಮ್ಮ. ಒಂದರಿಂದ ತಪ್ಪಿಸಿಕೊಂಡವಳು ಇನ್ನೊಂದಕ್ಕೆ ಬೆಲೆ ಕಟ್ಟಬಾರದು.

ಕೊತ್ರೂಡ್ ಓದುಗ

ನವಿ ಮುಂಬೈಯ ಅಕ್ಕನವರು ಹೇಳಿದ್ದನ್ನು ಸಂಶೋಧಕರೂ ಗಮನಿಸಿದ್ದಾರೆ. ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್ ದಂಪತಿಗಳ ಜಗಳಗಳನ್ನು ಚಿತ್ರೀಕರಿಸಿ ಅಭ್ಯಾಸ ಮಾಡಿದವರು. ಸಂಸಾರ ಮುರಿಯುವುದಕ್ಕೆ ಮುನ್ಸೂಚನೆಯಾಗಿ ಅವರು ಗುರುತಿಸಿದ ನಾಲ್ಕು ನಡವಳಿಕೆಗಳು ಇವು: ವ್ಯಕ್ತಿತ್ವವನ್ನೇ ಹಳಿಯುವುದು, ತಿರಸ್ಕಾರ, ಸದಾ ತನ್ನನ್ನು ಸಮರ್ಥಿಸಿಕೊಳ್ಳುವುದು, ಮತ್ತು ಮಾತಿಗೆ ಬಾಗಿಲು ಹಾಕಿಬಿಡುವುದು. ನಾಲ್ಕರಲ್ಲಿ ತಿರಸ್ಕಾರ ಅತ್ಯಂತ ಅಪಾಯಕಾರಿ ಎಂಬುದು ಅವರ ಅಭಿಪ್ರಾಯ.

ಪಟ್ಟಿಗಳ ವಿಷಯಕ್ಕೆ ಬಂದರೆ, ಡೇವಿಡ್ ಬಸ್ ಎಂಬವರು 1989ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 37 ಸಂಸ್ಕೃತಿಗಳ ಹತ್ತು ಸಾವಿರಕ್ಕೂ ಹೆಚ್ಚು ಜನರನ್ನು ಸಂಗಾತಿಯಲ್ಲಿ ಏನು ಬೇಕೆಂದು ಕೇಳಲಾಗಿತ್ತು, ಭಾರತವೂ ಅದರಲ್ಲಿತ್ತು. ಗಂಡಸರು ರೂಪಕ್ಕೂ ಹೆಂಗಸರು ಗಳಿಕೆಯ ಸಾಮರ್ಥ್ಯಕ್ಕೂ ತುಸು ಹೆಚ್ಚು ಅಂಕ ಕೊಟ್ಟರು ಎಂಬುದನ್ನೇ ಎಲ್ಲರೂ ಉದ್ಧರಿಸುತ್ತಾರೆ. ಆದರೆ ಇಬ್ಬರ ಪಟ್ಟಿಯಲ್ಲೂ ಅವುಗಳಿಗಿಂತ ಮೇಲಿದ್ದದ್ದು ಪರಸ್ಪರ ಪ್ರೀತಿ, ನಂಬಬಹುದಾದ ನಡತೆ, ಭಾವನೆಗಳ ಸ್ಥಿರತೆ ಮತ್ತು ಹಿತವಾದ ಸ್ವಭಾವ. ದೇಶದಿಂದ ದೇಶಕ್ಕೆ ಅತ್ಯಂತ ಹೆಚ್ಚು ವ್ಯತ್ಯಾಸ ಕಂಡದ್ದು ಮದುವೆಗೆ ಮೊದಲಿನ ಬ್ರಹ್ಮಚರ್ಯದ ನಿರೀಕ್ಷೆಯಲ್ಲಿ. ಭಾರತ, ಚೀನಾಗಳಲ್ಲಿ ಅದಕ್ಕೆ ಬಹಳ ಬೆಲೆ, ಸ್ವೀಡನ್‌ನಲ್ಲಿ ಬಹುತೇಕ ಬೆಲೆಯೇ ಇಲ್ಲ.

ಇನ್ನೂ ಕುತೂಹಲದ ಸಂಗತಿಯೊಂದಿದೆ. 2020ರಲ್ಲಿ ಸಮಂತಾ ಜೋಯೆಲ್ ಮತ್ತು ಸಂಗಡಿಗರು 43 ಅಧ್ಯಯನಗಳ 11,196 ಜೋಡಿಗಳ ಮಾಹಿತಿಯನ್ನು ಕಂಪ್ಯೂಟರಿನಿಂದ ಜರಡಿ ಹಿಡಿಸಿದರು. ಸಂಗಾತಿ ತನ್ನ ಬಗ್ಗೆ ಹೇಳಿಕೊಂಡ ಗುಣಗಳು ಸಂಬಂಧದ ತೃಪ್ತಿಯನ್ನು ಊಹಿಸಲು ಅಷ್ಟಾಗಿ ನೆರವಾಗಲಿಲ್ಲ. ಸಂಗಾತಿ ನನಗೆ ಬದ್ಧನಾಗಿದ್ದಾನೆ, ನನ್ನ ಮೆಚ್ಚುಗೆ ಅವನಿಗಿದೆ, ಜಗಳ ಮಿತಿಯಲ್ಲಿದೆ ಎಂಬ ಅನಿಸಿಕೆಗಳು ಬಹಳಷ್ಟು ನೆರವಾದವು. ಅಂದರೆ, ಯಾರು ಎಂಬುದಕ್ಕಿಂತ ಇಬ್ಬರ ನಡುವೆ ಏನು ಕಟ್ಟಿಕೊಳ್ಳುತ್ತದೆ ಎಂಬುದೇ ಮುಖ್ಯ. ಎರಡೂ ಪಟ್ಟಿಗಳನ್ನು ಹರಿದುಹಾಕಬಹುದು.

ಔಂಧ್ ಅಂಕಿ ಅಂಶ

ಹರಿದುಹಾಕುವ ಮೊದಲು ಸ್ವಲ್ಪ ತಡೆಯಿರಿ. ಆ ಅಧ್ಯಯನಗಳಲ್ಲಿದ್ದವರೆಲ್ಲ ಆಗಲೇ ಜೋಡಿಯಾಗಿದ್ದವರು, ತಾವೇ ಒಬ್ಬರನ್ನೊಬ್ಬರು ಆರಿಸಿಕೊಂಡವರು, ಬಹುಪಾಲು ಪಾಶ್ಚಾತ್ಯರು. ಹೊಡೆಯುವವನು, ಜೂಜುಕೋರ, ಮಾತೇ ಆಡದವನು ಇವರನ್ನೆಲ್ಲ ಆಯ್ಕೆಯ ಹೊತ್ತಿಗೇ ಕೈಬಿಟ್ಟ ಮೇಲೆ ಉಳಿದವರಲ್ಲಿ ಗುಣದ ವ್ಯತ್ಯಾಸ ಕಡಿಮೆ ಕಾಣುವುದು ಸಹಜ. ಐಐಟಿಗೆ ಪ್ರವೇಶ ಪಡೆದವರನ್ನಷ್ಟೇ ನೋಡಿ ಗಣಿತ ಬಾರದಿದ್ದರೂ ನಡೆಯುತ್ತದೆ ಎಂದು ತೀರ್ಮಾನಿಸಿದರೆ ಒಪ್ಪುತ್ತೀರಾ? ಕೆಟ್ಟದ್ದನ್ನು ಸೋಸಲು ಪಟ್ಟಿ ಬೇಕೇ ಬೇಕು. ಒಳ್ಳೆಯದನ್ನು ಊಹಿಸಲು ಅದು ಸಾಲದು ಎಂದಿದ್ದರೆ ನಾನೂ ಒಪ್ಪುತ್ತಿದ್ದೆ.

ಕೊತ್ರೂಡ್ ಓದುಗ

ಸೋಸುವುದಕ್ಕೆ ಎಂದು ಒಪ್ಪುತ್ತೇನೆ. ಆದರೆ ಆರಿಸುವವರಿಗೆ ತಮಗೇನು ಬೇಕೆಂಬುದೂ ಸರಿಯಾಗಿ ಗೊತ್ತಿರುವುದಿಲ್ಲವಲ್ಲ. ಈಸ್ಟ್‌ವಿಕ್ ಮತ್ತು ಫಿಂಕೆಲ್ 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು ರೂಪ ಮುಖ್ಯ, ಗಳಿಕೆ ಮುಖ್ಯ ಎಂದು ಮೊದಲು ಬರೆದುಕೊಟ್ಟು, ಅನಂತರ ಒಬ್ಬೊಬ್ಬರನ್ನೂ ಕೆಲವೇ ನಿಮಿಷ ಭೇಟಿಯಾದರು. ಮೆಚ್ಚಿದ್ದು ಯಾರನ್ನು ಎಂದು ನೋಡಿದರೆ ಬರೆದುಕೊಟ್ಟ ಪಟ್ಟಿಗೂ ಅದಕ್ಕೂ ತಾಳೆಯಾಗಲಿಲ್ಲ.

ಅಂಧೇರಿ ಸ್ಲೋ

ಇಷ್ಟು ಹೊತ್ತಾದರೂ, ಸಂಶೋಧನೆಯ ಮಾತು ಬಿಟ್ಟರೆ, ತಮಗೆ ರೂಪ ಮುಖ್ಯವೆಂದು ಯಾರೂ ಹೇಳಿಲ್ಲ, ಎಲ್ಲರೂ ಬಹಳ ಸಜ್ಜನರು. ನನಗೆ ನೋಡಿದರೆ ಹಿಡಿಸಬೇಕು. ಚಿತ್ರನಟನಂತಿರಬೇಕಿಲ್ಲ, ಪಕ್ಕದಲ್ಲಿ ಕೂತರೆ ಎದ್ದುಹೋಗಬೇಕೆನಿಸಬಾರದು ಅಷ್ಟೆ. ಹೊಂದಿಕೊಂಡರೆ ಪ್ರೀತಿ ತಾನಾಗಿ ಬರುತ್ತದೆಂದು ಹೇಳಿ ನನ್ನ ಗೆಳತಿಯೊಬ್ಬಳನ್ನು ಒಪ್ಪಿಸಿದರು. ಇಬ್ಬರೂ ಒಳ್ಳೆಯವರೇ, ಆದರೂ ಬೇರೆ ಬೇರೆ ಕೋಣೆಗಳಲ್ಲಿ ಮಲಗುತ್ತಾರೆ. ಮೂರರಲ್ಲಿ ಒಂದನ್ನು ಆಕರ್ಷಣೆಗೆ ಮೀಸಲಿಡಿ, ಅಮ್ಮನ ಎದುರು ಬೇರೆ ಹೆಸರು ಹೇಳಿದರಾಯಿತು.

ಕುರ್ಲಾ ಹೋಟೆಲ್ ಮಗ

ಎರಡನೆಯ ಪ್ರಶ್ನೆಗೆ ನನ್ನ ಬಳಿ ಸ್ವಲ್ಪ ಸಾಮಗ್ರಿಯಿದೆ. ನಮ್ಮ ಹೋಟೆಲಿನ ಫ್ಯಾಮಿಲಿ ರೂಮಿನಲ್ಲಿ ಭಾನುವಾರಗಳಂದು ಹೆಣ್ಣು ನೋಡುವ ಶಾಸ್ತ್ರ ನಡೆಯುತ್ತಲೇ ಇರುತ್ತದೆ. ಈಗ ಮನೆಗೆ ಕರೆಯುವುದು ಕಡಿಮೆಯಾಗಿದೆ, ಮಸಾಲೆ ದೋಸೆಯ ಎದುರೇ ಮಾತುಕತೆ. ವೇಟರಿನೊಂದಿಗೆ ಹೇಗೆ ವರ್ತಿಸುತ್ತಾನೆ ನೋಡಿ ಎಂಬ ಸಲಹೆಯನ್ನು ಎಲ್ಲೆಡೆ ಓದುತ್ತೇವೆ. ಗಲ್ಲಾದಲ್ಲಿ ಕೂತು ನೋಡಿದವನಾಗಿ ಹೇಳುತ್ತೇನೆ, ಆ ಪರೀಕ್ಷೆ ಈಗ ಹಳತಾಯಿತು. ಅದನ್ನು ಹುಡುಗರೂ ಓದಿದ್ದಾರೆ, ಆ ಒಂದು ಗಂಟೆ ವೇಟರಿಗೆ ಅಣ್ಣಾ ಎನ್ನುತ್ತಾರೆ.

ನಾನು ಗಮನಿಸುವುದೇ ಬೇರೆ. ಹುಡುಗನಿಗೆ ಕೇಳಿದ ಪ್ರಶ್ನೆಗೆ ಯಾರು ಉತ್ತರ ಕೊಡುತ್ತಾರೆ? ಎಷ್ಟೋ ಮೇಜುಗಳಲ್ಲಿ, ನಿನಗೆ ಏನು ಇಷ್ಟ ಎಂದು ಹುಡುಗಿ ಕೇಳಿದರೆ, ಅವನಿಗೆ ಖಾರ ಆಗುವುದಿಲ್ಲ ಎಂದು ತಾಯಿ ಹೇಳುತ್ತಾರೆ. ಮೆನು ಹಿಡಿಯುವವರು ತಂದೆ, ಎಲ್ಲರ ಪರವಾಗಿ ಆರ್ಡರ್ ಕೊಡುವವರೂ ಅವರೇ. ಹುಡುಗ ಮೊಬೈಲು ಹಿಡಿದು ನಗುತ್ತಾ ಕೂತಿರುತ್ತಾನೆ. ಅವನು ಕೆಟ್ಟವನಲ್ಲ, ಆದರೆ ಅವನ ಜೀವನದ ತೀರ್ಮಾನಗಳು ಇನ್ನೂ ಅವನ ಕೈಗೆ ಬಂದಿಲ್ಲ. ನೀವು ಮದುವೆಯಾಗುವುದು ಅವನನ್ನು, ಸಂಸಾರ ಮಾಡುವುದು ಅವನ ತಾಯಿಯೊಂದಿಗೆ.

ನಮ್ಮ ಬಂಟರಲ್ಲಿ ಮೊದಲ ಪ್ರಶ್ನೆ ಬಳಿ, ಅಂದರೆ ತಾಯಿಯ ಕಡೆಯಿಂದ ಬರುವ ಕುಲ, ಯಾವುದು ಎಂಬುದು, ಒಂದೇ ಬಳಿಯವರು ಮದುವೆಯಾಗುವಂತಿಲ್ಲ. ಅದಕ್ಕೊಂದು ಲೆಕ್ಕವಿದೆ, ಐದು ನಿಮಿಷದಲ್ಲಿ ಮುಗಿಯುತ್ತದೆ. ನನ್ನ ಮಟ್ಟಿಗೆ ಅದರ ನಂತರದ ಪ್ರಶ್ನೆ ಕಷ್ಟದ್ದು. ಹೋಟೆಲಿನವನಿಗೆ ಭಾನುವಾರವಿಲ್ಲ, ಹಬ್ಬವಿಲ್ಲ, ರಾತ್ರಿ ಲೆಕ್ಕ ಮುಗಿಸಿ ಮನೆ ಸೇರುವಾಗ ಮಧ್ಯರಾತ್ರಿ. ಇದನ್ನು ಮೊದಲ ಭೇಟಿಯಲ್ಲಿಯೇ ಹೇಳಿದೆ, ಇಬ್ಬರು ಬೇಡವೆಂದರು. ಮೂರನೆಯವಳು ಹಾಗಾದರೆ ಮಂಗಳವಾರ ಮಧ್ಯಾಹ್ನ ನನ್ನದು ಎಂದಳು. ಅವಳನ್ನೇ ಮದುವೆಯಾದೆ.

ಠಾಣೆ ಪೂರ್ವ

ಎಲ್ಲವನ್ನೂ ಓದುತ್ತಿದ್ದೇನೆ, ಅಮ್ಮನಿಗೂ ಓದಿ ಹೇಳುತ್ತಿದ್ದೇನೆ. ಪರೇಲ್ ಅಜ್ಜಿಯವರ ಮಾತು ಕೇಳಿ ಅಮ್ಮ, ಅದಕ್ಕೇ ಸ್ವಂತ ಮನೆ ಇರಲಿ ಎನ್ನುವುದು, ಸಂಬಳ ನಿಂತರೂ ಸೂರು ಇರುತ್ತದೆ ಎಂದರು. ನನ್ನ ವಾದಕ್ಕೆ ಅನುಕೂಲವೆಂದು ನಾನು ಓದಿದ್ದನ್ನು ಅವರು ತಮ್ಮ ಪಟ್ಟಿಗೇ ಸೇರಿಸಿಕೊಂಡರು.

ಜಾತಿಯ ಬಗ್ಗೆ ಯಾರೂ ಬರೆಯಲಿಲ್ಲವೇಕೆ?

ಡೊಂಬಿವಲಿ ಫಾಸ್ಟ್

ಬರೆದರೆ ಜಗಳವಾಗುತ್ತದೆಂದು. ಜಾತಿ ಒಂದೇ ಇದ್ದರೆ ಊಟ, ಹಬ್ಬ, ಸಾವಿನ ಕರ್ಮ ಇವುಗಳಲ್ಲಿ ಹೊಸದಾಗಿ ಕಲಿಯುವುದಿಲ್ಲ, ಅರ್ಧ ಜಗಳ ಮೊದಲೇ ತಪ್ಪುತ್ತದೆ. ಅದಲ್ಲದೆ ಜಾತಿ ಬೇರೆಯಾದರೆ 1954ರ ವಿಶೇಷ ವಿವಾಹ ಕಾಯ್ದೆಯಡಿ 30 ದಿನಗಳ ನೋಟಿಸು, ಕಚೇರಿಯ ಫಲಕದಲ್ಲಿ ಹೆಸರು, ನೆಂಟರ ಗದ್ದಲ.

ಮಡಗಾಂವ್ ವಕೀಲೆ

ಕಾನೂನಿನ ಮಟ್ಟಿಗೆ ಇದು ಸರಿಯಲ್ಲ. ವಧೂವರರಿಬ್ಬರೂ ಹಿಂದೂಗಳಾಗಿದ್ದರೆ ಜಾತಿ ಬೇರೆಯಾದರೂ 1955ರ ಹಿಂದೂ ವಿವಾಹ ಕಾಯ್ದೆಯಡಿಯಲ್ಲೇ ಮದುವೆಯಾಗಿ ನೋಂದಾಯಿಸಬಹುದು, 30 ದಿನಗಳ ನೋಟಿಸು ಬೇಕಿಲ್ಲ. ಕಾಯ್ದೆಯ ಪ್ರಕಾರ ಲಿಂಗಾಯತರು, ಜೈನರು, ಬೌದ್ಧರು, ಸಿಖ್ಖರೂ ಅದರ ವ್ಯಾಪ್ತಿಯಲ್ಲಿದ್ದಾರೆ. ಧರ್ಮ ಬೇರೆಯಾಗಿ, ಯಾರೂ ಮತಾಂತರವಾಗದಿದ್ದಾಗ 1954ರ ಕಾಯ್ದೆ ಬೇಕಾಗುತ್ತದೆ.

ನಾನು ಈ ಚರ್ಚೆಗೆ ಸೇರಿಸಲು ಬಯಸುವುದು ಹಣದ ಮಾತಿನಲ್ಲಿ ಪಾರದರ್ಶಕತೆಯನ್ನು. ಗೋವೆಯಲ್ಲಿ 1867ರ ಪೋರ್ಚುಗೀಸ್ ನಾಗರಿಕ ಸಂಹಿತೆಯ ಕುಟುಂಬ ನಿಯಮಗಳು ಇಂದಿಗೂ ಜಾರಿಯಲ್ಲಿವೆ. ಮದುವೆಗೆ ಮೊದಲು ಬೇರೆ ಕರಾರು ಮಾಡಿಕೊಳ್ಳದಿದ್ದರೆ ಗಂಡಹೆಂಡಿರ ಆಸ್ತಿಯೆಲ್ಲ ಸಾಮಾನ್ಯವಾಗಿ ಇಬ್ಬರಿಗೂ ಸಮಾನವಾಗಿ ಸೇರಿದ್ದಾಗುತ್ತದೆ. ಹೀಗಾಗಿ ಇಲ್ಲಿಯ ಕುಟುಂಬಗಳಲ್ಲಿ ಯಾರಿಗೆ ಏನಿದೆ, ಏನು ಬರಲಿದೆ, ಸಾಲವೆಷ್ಟು ಎಂಬ ಮಾತು ಮದುವೆಗೆ ಮುಂಚೆಯೇ ನಡೆಯುತ್ತದೆ, ಅದರಲ್ಲಿ ಯಾರಿಗೂ ನಾಚಿಕೆಯಿಲ್ಲ. ಘಟ್ಟದ ಮೇಲಿನಿಂದ ವಾಸ್ಕೋ, ಮಾಪುಸಾಗಳಿಗೆ ಬಂದು ನೆಲೆಸಿದ ನಮ್ಮವರಲ್ಲಿ ಚಿನ್ನ ಎಷ್ಟು ಎಂದು ಧೈರ್ಯವಾಗಿ ಕೇಳುತ್ತಾರೆ, ಸಾಲ ಎಷ್ಟು ಎಂದು ಕೇಳಲು ಸಂಕೋಚಪಡುತ್ತಾರೆ. ಚಿನ್ನ ಕೇಳುವುದು 1961ರ ವರದಕ್ಷಿಣೆ ನಿಷೇಧ ಕಾಯ್ದೆಯ ಪ್ರಕಾರ ಅಪರಾಧ, ಸಾಲ ಕೇಳುವುದು ಯಾವ ಕಾಯ್ದೆಯಲ್ಲೂ ಅಪರಾಧವಲ್ಲ. ಸ್ವಂತ ಮನೆ ಎಂದು ಅಮ್ಮನವರು ನಂಬಿದ್ದು ಬ್ಯಾಂಕಿಗೆ ಒತ್ತೆಯಿಟ್ಟ ಮನೆಯೇ, ತಂದೆಯ ಹೆಸರಿನಲ್ಲಿದ್ದು ಮೂವರು ಮಕ್ಕಳಿಗೆ ಹಂಚಿಕೆಯಾಗಬೇಕಾದ ಮನೆಯೇ, ಇದನ್ನು ಕೇಳಿ. ಉತ್ತರಕ್ಕಿಂತ ಉತ್ತರಿಸುವ ರೀತಿಯನ್ನು ಗಮನಿಸಿ. ತಾಳ್ಮೆಯಿಂದ ಲೆಕ್ಕ ಹೇಳುವವನು ಒಬ್ಬ, ನಿನಗೇಕೆ ಅದೆಲ್ಲ ಎನ್ನುವವನು ಇನ್ನೊಬ್ಬ.

ಸಾಂಗ್ಲಿ ಅಳಿಯ, ಪುಣೆ

ನನ್ನದು ಮರಾಠಿ ಮಡದಿ, ಜಾತಿಯೂ ಬೇರೆ. ಡೊಂಬಿವಲಿಯವರ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಮೊದಲ ವರ್ಷ ನಮ್ಮಲ್ಲಿ ಯುಗಾದಿಯ ಅಡುಗೆಯಿಂದ ಹಿಡಿದು ಸೂತಕದವರೆಗೆ ಎಲ್ಲಕ್ಕೂ ಚರ್ಚೆ. ಆದರೆ ನಮಗೆ ಬಹಳ ಲಾಭವಾದದ್ದೂ ಅದರಿಂದಲೇ. ಯಾವುದೂ ತಾನಾಗಿ ತೀರ್ಮಾನವಾಗುತ್ತಿರಲಿಲ್ಲವಾದ್ದರಿಂದ ಎಲ್ಲವನ್ನೂ ಮಾತನಾಡಿಯೇ ಮುಗಿಸಬೇಕಾಯಿತು, ಅದೇ ಅಭ್ಯಾಸವಾಯಿತು. ಒಂದೇ ಜಾತಿಯಲ್ಲಿ ಮದುವೆಯಾದ ನನ್ನ ತಮ್ಮನ ಮನೆಯಲ್ಲಿ ಎಲ್ಲವೂ ಹೀಗೇ ಎಂದು ಹಿರಿಯರು ಹೇಳಿಬಿಡುತ್ತಾರೆ, ಸೊಸೆ ಒಳಗೇ ಕುದಿಯುತ್ತಾಳೆ. ಕನ್ನಡದ ವಿಷಯದಲ್ಲಿ ಮಾತ್ರ ಒಂದು ಕಿವಿಮಾತು: ಸಂಗಾತಿಗೆ ಕನ್ನಡ ಬರಬೇಕೆಂದೇನಿಲ್ಲ, ಮಕ್ಕಳಿಗೆ ಬರಲಿ ಎಂಬ ಮನಸ್ಸು ಇರಬೇಕು. ನಮ್ಮ ಮಗಳು ಅಜ್ಜನೊಂದಿಗೆ ಕನ್ನಡದಲ್ಲಿ ಜಗಳವಾಡುವಾಗ ಮಧ್ಯಸ್ಥಿಕೆ ನನ್ನ ಮಡದಿಯದು.

ಚೆಂಬೂರ್ ಪ್ರಯೋಗಾಲಯ

ಒಂದು ರಕ್ತಪರೀಕ್ಷೆಯ ವಿಷಯವನ್ನೂ ಸೇರಿಸಲು ಅನುಮತಿ ಕೊಡಿ. ಥಲಸ್ಸೇಮಿಯಾ ಎಂಬ ಆನುವಂಶಿಕ ರಕ್ತದ ಕಾಯಿಲೆಯ ವಾಹಕರಿಗೆ ಯಾವ ತೊಂದರೆಯೂ ಕಾಣದಿರಬಹುದು, ಆದರೆ ವಾಹಕರಿಬ್ಬರು ಮದುವೆಯಾದರೆ ಪ್ರತಿಯೊಂದು ಗರ್ಭದಲ್ಲೂ ಮಗುವಿಗೆ ತೀವ್ರ ರೂಪದ ಕಾಯಿಲೆ ಬರುವ ಸಂಭವ ಶೇಕಡಾ 25. ವಾಹಕರೋ ಅಲ್ಲವೋ ಎಂಬುದು ಎಚ್‌ಬಿಎ2 ಎಂಬ ರಕ್ತಪರೀಕ್ಷೆಯಿಂದ ತಿಳಿಯುತ್ತದೆ, ಒಮ್ಮೆ ಮಾಡಿಸಿದರೆ ಸಾಕು. ಪರೀಕ್ಷೆ ಮಾಡಿಸೋಣವೇ ಎಂದರೆ ನನ್ನ ಮೇಲೆ ಸಂಶಯವೇ ಎಂದು ಕೆರಳುವ ಹುಡುಗರನ್ನು ನಮ್ಮ ಕೌಂಟರಿನಲ್ಲಿ ನೋಡುತ್ತೇವೆ. ಇಬ್ಬರೂ ಜೊತೆಯಾಗಿ ಬಂದು ತೋಳು ಚಾಚಿ ನಗುತ್ತಾ ಹೋಗುವವರನ್ನೂ ನೋಡುತ್ತೇವೆ. ನಿಮ್ಮ ಎರಡನೆಯ ಪ್ರಶ್ನೆಗೆ ಇದೂ ಒಂದು ಉತ್ತರ.

ಹಿಂಜೆವಾಡಿ ರಾತ್ರಿಪಾಳಿ

ಸಾಲದ ಪ್ರಶ್ನೆ, ರಕ್ತದ ಪ್ರಶ್ನೆ, ಮೆನುವಿನ ಪ್ರಶ್ನೆ. ಹುಡುಗನನ್ನು ಹೀಗೆ ಗೊತ್ತಾಗದಂತೆ ಪರೀಕ್ಷೆಗೆ ಕೂರಿಸುವುದು ಸರಿಯೇ? ನಮಗೂ ಹುಡುಗಿಯ ಸಾಲ, ಸಿಟ್ಟು, ಮೌನಗಳನ್ನು ತಿಳಿಯುವ ಹಕ್ಕಿಲ್ಲವೇ?

ಹೊರಬಂದವಳು, ನವಿ ಮುಂಬೈ

ಖಂಡಿತ ಇದೆ, ಕೇಳಲೇಬೇಕು. ಗುಟ್ಟಿನ ಪರೀಕ್ಷೆಯೂ ಬೇಡ, ನಾಟಕದ ಜಗಳವೂ ಬೇಡ. ನಿಜವಾಗಿ ಭಿನ್ನಾಭಿಪ್ರಾಯವಿರುವ ಒಂದು ವಿಷಯವನ್ನು ಮೇಜಿನ ಮೇಲಿಟ್ಟು ಮಾತನಾಡಿ, ಅಷ್ಟು ಸಾಕು. ಎಲ್ಲಿ ಇರುವುದು, ಯಾರ ತಂದೆತಾಯಿ ಯಾರೊಂದಿಗೆ ಇರುವುದು, ನನ್ನ ಸಂಬಳ ತವರಿಗೆ ಎಷ್ಟು ಹೋಗುವುದು. ಇವುಗಳಲ್ಲಿ ಒಂದರಲ್ಲಾದರೂ ಇಬ್ಬರ ಮನಸ್ಸು ಬೇರೆಯಾಗಿರುತ್ತದೆ. ಮರುದಿನ ಅವನಿಂದ ಸಂದೇಶ ಬಂದರೆ, ಅದರಲ್ಲಿ ನಿನ್ನೆ ನೀವು ಹೇಳಿದ್ದನ್ನು ಯೋಚಿಸಿದೆ ಎಂದಿದ್ದರೆ, ಒಪ್ಪದೇ ಇದ್ದರೂ ಚಿಂತೆಯಿಲ್ಲ. ನಾಲ್ಕು ದಿನ ಸದ್ದಿಲ್ಲದಿದ್ದು ಆಮೇಲೆ ಏನೂ ಆಗದಂತೆ ಶುಭೋದಯದ ಚಿತ್ರ ಬಂದರೆ, ನಾನಾಗಿದ್ದರೆ ಮುಂದುವರಿಯುವುದಿಲ್ಲ.

ವಾಶಿ ವನಿತೆ

ಶುಭೋದಯದ ಚಿತ್ರ ಕಳುಹಿಸುವವನನ್ನು ಬೇರೆ ಕಾರಣವಿಲ್ಲದೆಯೂ ಬಿಡಬಹುದು.

ಠಾಣೆ ಪೂರ್ವ

ನಿನ್ನೆ ರಾತ್ರಿ ಅಪ್ಪನ ಅಧ್ಯಕ್ಷತೆಯಲ್ಲಿ ಮಾತುಕತೆ ಮುಗಿಯಿತು. ಭಿನ್ನಾಭಿಪ್ರಾಯವಾದ ಮೇಲೆ ಮಾತಿಗೆ ಮರಳುವ ಗುಣ ನನ್ನ ಕಡೆಯಿಂದ. ಹಣದ ಲೆಕ್ಕವನ್ನು ಮುಚ್ಚಿಡದಿರುವುದು ಇಬ್ಬರ ಕಡೆಯಿಂದಲೂ, ಮಡಗಾಂವಿನ ವಕೀಲರ ಪತ್ರವನ್ನು ಅಮ್ಮ ಎರಡು ಬಾರಿ ಓದಿಸಿಕೊಂಡರು. ಮೂರನೆಯದಕ್ಕೆ ಇನ್ನೂ ಒಪ್ಪಂದವಾಗಿಲ್ಲ. ನಾನು ಅಂಧೇರಿಯವರ ಸಲಹೆಯಂತೆ ಮನಸ್ಸಿಗೆ ಹಿಡಿಸಬೇಕು ಎಂದೆ, ಅಮ್ಮ ಸ್ವಂತ ಮನೆಯೇ ಎಂದರು. ಜಾತಕವನ್ನು ನೋಡಿಸುತ್ತಾರಂತೆ, ಅದನ್ನು ಮೂರರಲ್ಲಿ ಎಣಿಸುವುದಿಲ್ಲವಂತೆ. ಭಾನುವಾರ ಮುಲುಂಡಿನಲ್ಲಿ ಒಬ್ಬರನ್ನು ಭೇಟಿಯಾಗಲಿದ್ದೇನೆ. ಅವರದು ಬಾಡಿಗೆ ಮನೆ.

ಪರೇಲ್ ಅಜ್ಜಿ

ಅಮ್ಮ ಹೇಳುವುದನ್ನು ತಳ್ಳಿಹಾಕಬೇಡ. ಹನ್ನೊಂದು ತಿಂಗಳ ಕರಾರು ಮುಗಿದಾಗಲೆಲ್ಲ ಪಾತ್ರೆಪಗಡ ಕಟ್ಟಿಕೊಂಡು ಹೊಸ ಮನೆ ಹುಡುಕುವುದು ಮಕ್ಕಳಾದ ಮೇಲೆ ಬಹಳ ಕಷ್ಟ. ಹೋಗಿ ಭೇಟಿಯಾಗು. ಆದರೆ ಮನೆ ಯಾವಾಗ, ಎಲ್ಲಿ, ಯಾರ ಯಾರ ದುಡ್ಡಿನಿಂದ ಮಾಡುವುದೆಂದು ಕೇಳು.

ಮಡಗಾಂವ್ ವಕೀಲೆ

ಮತ್ತು ಯಾರ ಯಾರ ಹೆಸರಿನಲ್ಲಿ ಎಂಬುದನ್ನೂ.

ಅಂಧೇರಿ ಸ್ಲೋ

ಮೊದಲು ಮುಖ ನೋಡಿ ಬರಲಿ ಬಿಡಿ, ನೋಂದಣಿ ಕಚೇರಿಗೆ ಆಮೇಲೆ ಹೋಗಬಹುದು.